ಗುಡ್ಡದ ಮರೆಯ ಸಿಗ್ನಲ್: ಮೊಬೈಲ್ ತರಂಗಗಳ ಪ್ರಸರಣವನ್ನು ಅಳೆದು ಮಾದರಿ ಕಟ್ಟುವ ಸಮಗ್ರ ಮಾರ್ಗದರ್ಶಿ

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಭತ್ತದ ಬಯಲು ಮುಗಿಯುವುದಕ್ಕೂ ಬಂಡೆಗಲ್ಲಿನ ಗುಡ್ಡಗಳು ಎದ್ದು ನಿಲ್ಲುವುದಕ್ಕೂ ನಡುವೆ ಹೆಚ್ಚು ಅಂತರವಿಲ್ಲ. ಬಯಲಿನಲ್ಲಿ ನಾಲ್ಕೈದು ಕಿಲೋಮೀಟರ್ ದೂರದ ಟವರ್ ಕೂಡ ನೆಮ್ಮದಿಯಾಗಿ ಮಾತಾಡಿಸುತ್ತದೆ; ಗುಡ್ಡದ ಹಿಂದೆ ಅದರ ಅರ್ಧ ದೂರದಲ್ಲಿಯೇ ಕರೆ ಕಡಿದುಹೋಗುತ್ತದೆ. ಸಾಣಾಪುರದ ಹತ್ತಿರ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಎರಡು ಫೋನುಗಳನ್ನು ನೋಡಿ, "ಈ ಬಂಡಿ ಮರಿಗೆ ಬಂದ್ರ ಫೋನ್ ಹತ್ತಂಗಿಲ್ಲ ನೋಡ್ರಿ ಸರ, ಆ ಬೇವಿನ ಗಿಡದ ತಾವ ಹೋಗಿ ನಿಂತ್ರ ಹತ್ತತೈತಿ" ಎಂದರು. ವಿವರ್ತನೆಯ, ಅಂದರೆ ಅಡ್ಡಿಯ ಅಂಚಿನಲ್ಲಿ ತರಂಗ ಬಾಗಿ ಹಿಂದಕ್ಕೆ ಹರಡುವುದರ, ಪಾಠವೆಲ್ಲ ಆ ಒಂದು ಮಾತಿನಲ್ಲಿದೆ. ಇಲ್ಲದಿರುವುದು ಅಂಕಿಗಳು ಮಾತ್ರ. ಆ ಅಂಕಿಗಳನ್ನು ಒಂದು ಆಂಡ್ರಾಯ್ಡ್ ಫೋನ್, ಒಂದು ಬೈಕು ಮತ್ತು ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡು ಹೇಗೆ ಪಡೆಯಬಹುದು, ಪಡೆದ ಮೇಲೆ ಅವುಗಳಿಂದ ನಮ್ಮ ನೆಲಕ್ಕೆ ಹೊಂದುವ ಮಾದರಿಯನ್ನು ಹೇಗೆ ಕಟ್ಟಬಹುದು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ್ದೇನೆ. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ ಪಿಯುಸಿಯ ಲಾಗರಿದಮ್ ನೆನಪಿರುವ ಯಾರಿಗಾದರೂ ಇದು ಸಾಕು.

ಹೆಜ್ಜೆ 1: ಏನನ್ನು ಅಳೆಯುತ್ತಿದ್ದೇವೆ ಎಂಬುದನ್ನು ನಿಶ್ಚಯಿಸಿ

ಫೋನಿನ ಮೂಲೆಯಲ್ಲಿ ಕಾಣುವ ಕಡ್ಡಿಗಳನ್ನು ಮರೆತುಬಿಡಿ. ಎಷ್ಟು ಶಕ್ತಿಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದು ಫೋನ್ ತಯಾರಕರ ಇಷ್ಟಕ್ಕೆ ಬಿಟ್ಟ ವಿಷಯವಾದ್ದರಿಂದ ಒಂದೇ ಜಾಗದಲ್ಲಿ ಎರಡು ಫೋನುಗಳು ಎರಡು ಬಗೆಯಾಗಿ ತೋರಿಸುತ್ತವೆ. 4ಜಿ ಜಾಲದಲ್ಲಿ ಪ್ರಸರಣವನ್ನು ಅಭ್ಯಸಿಸಲು ಬೇಕಾದ ಅಳತೆ ಆರ್‌ಎಸ್‌ಆರ್‌ಪಿ. ಟವರ್ ತನ್ನ ಗುರುತಿಗಾಗಿ ಸದಾ ಒಂದೇ ಶಕ್ತಿಯಲ್ಲಿ ಕಳಿಸುವ ಉಲ್ಲೇಖ ಸಂಕೇತಗಳ ಪೈಕಿ, 15 ಕಿಲೋಹರ್ಟ್ಜ್ ಅಗಲದ ಒಂದು ಉಪವಾಹಕದಲ್ಲಿ (ಟವರ್ ಬಳಸುವ ಆವೃತ್ತಿಪಟ್ಟಿಯಾದ ವಾಹಕದ ಒಂದು ಸಣ್ಣ ಸೀಳಿನಲ್ಲಿ) ಸರಾಸರಿ ಎಷ್ಟು ಶಕ್ತಿ ಫೋನಿಗೆ ತಲುಪಿತು ಎಂಬುದನ್ನು ಇದು ಡಿಬಿಎಂ ಮಾನದಲ್ಲಿ ಹೇಳುತ್ತದೆ. ಅಂದರೆ ಇದು 1 ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್ ಲೆಕ್ಕ. −80ಕ್ಕಿಂತ ಮೇಲಿದ್ದರೆ ಉತ್ತಮ, −100ರ ಸುತ್ತ ಪರವಾಗಿಲ್ಲ, −115ಕ್ಕಿಂತ ಕೆಳಗಿಳಿದರೆ ಕರೆ ಕಡಿಯದೆ ಉಳಿಯುವ ಭರವಸೆಯಿಲ್ಲ ಎಂದು ಸ್ಥೂಲವಾಗಿ ತಿಳಿಯಬಹುದು.

ಅದೇ ಪರದೆಯಲ್ಲಿ ಆರ್‌ಎಸ್‌ಎಸ್‌ಐ, ಆರ್‌ಎಸ್‌ಆರ್‌ಕ್ಯೂ, ಎಸ್‌ಐಎನ್‌ಆರ್ ಎಂಬ ಅಂಕಿಗಳೂ ಬರುತ್ತವೆ; ಮೊದಲನೆಯದು ವಾಹಕದ ಅಗಲದಲ್ಲೆಲ್ಲ ಬಂದ ಒಟ್ಟು ಶಕ್ತಿ, ಉಳಿದೆರಡು ಸಿಗ್ನಲ್‌ನ ಗುಣಮಟ್ಟ. ಇವು ಪಕ್ಕದ ಟವರುಗಳ ಅಡ್ಡಿಯನ್ನೂ ಆ ಹೊತ್ತಿಗೆ ಎಷ್ಟು ಜನ ಡೇಟಾ ಬಳಸುತ್ತಿದ್ದಾರೆ ಎಂಬುದನ್ನೂ ಅವಲಂಬಿಸುತ್ತವೆ. ಸಂಜೆ ಏಳಕ್ಕೆ ಕೆಟ್ಟಿರುತ್ತವೆ, ಬೆಳಗಿನ ಜಾವ ಸುಧಾರಿಸಿರುತ್ತವೆ. ನೆಟ್ ಏಕೆ ನಿಧಾನ ಎಂಬ ಪ್ರಶ್ನೆಗೆ ಅವು ಬೇಕು. ತರಂಗ ಎಷ್ಟು ಕುಂದಿತು ಎಂಬ ಪ್ರಶ್ನೆಗೆ ಆರ್‌ಎಸ್‌ಆರ್‌ಪಿಯೊಂದೇ ಸಾಕು.

ಹೆಜ್ಜೆ 2: ಫೋನನ್ನು ಅಳತೆಗೋಲಾಗಿ ಸಿದ್ಧಪಡಿಸಿ

*#*#4636#*#* ಒತ್ತಿದರೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪರೀಕ್ಷಾ ಪುಟ ತೆರೆದುಕೊಳ್ಳುತ್ತದೆ. ಆದರೆ ಅಲ್ಲಿ ಅಂಕಿಗಳು ಕಾಣುತ್ತವೆಯೇ ಹೊರತು ಉಳಿಯುವುದಿಲ್ಲ. ಜಿ-ನೆಟ್‌ಟ್ರ್ಯಾಕ್‌ನಂತಹ ಆ್ಯಪ್ ಹಾಕಿಕೊಂಡರೆ ಸಮಯ, ಅಕ್ಷಾಂಶ, ರೇಖಾಂಶ, ಆರ್‌ಎಸ್‌ಆರ್‌ಪಿ, ಕೋಶದ (ಟವರಿನ ಒಂದು ಮುಖ ಸೇವೆ ಕೊಡುವ ಪ್ರದೇಶದ) ಗುರುತು, ವಾಹಕದ ಸಂಖ್ಯೆ ಎಲ್ಲವೂ ಕಡತವಾಗಿ ದಾಖಲಾಗುತ್ತವೆ.

ಇವುಗಳಲ್ಲಿ ವಾಹಕದ ಸಂಖ್ಯೆಯನ್ನು ಹಗುರವಾಗಿ ಕಾಣಬೇಡಿ. ಇಎಆರ್‌ಎಫ್‌ಸಿಎನ್ ಎಂದು ಕರೆಯುವ ಈ ಸಂಖ್ಯೆಯಿಂದ ಆವೃತ್ತಿಯನ್ನು ಲೆಕ್ಕ ಹಾಕಬಹುದು. 900 ಮೆಗಾಹರ್ಟ್ಜ್‌ನ 8ನೇ ಬ್ಯಾಂಡ್ 3450ರಿಂದ, ಅಂದರೆ 925 ಮೆಗಾಹರ್ಟ್ಜ್‌ನಿಂದ ಆರಂಭವಾಗುತ್ತದೆ. ಒಂದೊಂದು ಸಂಖ್ಯೆಗೆ 0.1 ಮೆಗಾಹರ್ಟ್ಜ್ ಏರುತ್ತದೆ. ಆದ್ದರಿಂದ ಫೋನ್ 3500 ತೋರಿಸಿದರೆ ಅದು 930 ಮೆಗಾಹರ್ಟ್ಜ್. ಇದೇ ರೀತಿ 850ರ 5ನೇ ಬ್ಯಾಂಡ್ 2400ರಿಂದ (869 ಮೆಗಾಹರ್ಟ್ಜ್), 1800ರ 3ನೇ ಬ್ಯಾಂಡ್ 1200ರಿಂದ (1805), 2300ರ 40ನೇ ಬ್ಯಾಂಡ್ 38650ರಿಂದ (2300) ಶುರುವಾಗುತ್ತವೆ.

ನನ್ನ ಮೊದಲ ಅಳತೆ ಹಾಳಾದದ್ದು ಇಲ್ಲಿಯೇ. ಕೊಪ್ಪಳದಿಂದ ಹೊರಟು ಹೆದ್ದಾರಿಯುದ್ದಕ್ಕೂ ಎರಡು ಗಂಟೆ ದಾಖಲಿಸಿ, ಮನೆಗೆ ಬಂದು ನಕ್ಷೆ ಬಿಡಿಸಿದಾಗ ಊರೊಳಗಿನ ಸಿಗ್ನಲ್ ಊರ ಹೊರಗಿನದಕ್ಕಿಂತ ಕಡಿಮೆಯಿತ್ತು. ಕಟ್ಟಡಗಳ ನೆರಳು ಎಂದು ವ್ಯಾಖ್ಯಾನ ಬರೆದೂ ಬಿಟ್ಟಿದ್ದೆ. ಒಂದು ವಾರದ ನಂತರ ವಾಹಕದ ಕಾಲಂ ನೋಡಿದಾಗ ತಿಳಿಯಿತು: ಊರೊಳಗೆ ಫೋನ್ 2300ರಲ್ಲಿತ್ತು, ಹೊರಗೆ 850ಕ್ಕೆ ಇಳಿದಿತ್ತು. ಆ ಎರಡು ಆವೃತ್ತಿಗಳ ನಡುವೆ ಏನೂ ಅಡ್ಡವಿಲ್ಲದ ಅವಕಾಶದಲ್ಲಿಯೇ ಸುಮಾರು 8.6 ಡೆಸಿಬೆಲ್ ವ್ಯತ್ಯಾಸವಿದೆ; ಜೋಳವನ್ನೂ ಸಜ್ಜೆಯನ್ನೂ ಒಂದೇ ಚೀಲಕ್ಕೆ ತುಂಬಿ ತೂಗಿದಂತಾಗಿತ್ತು. ಬ್ಯಾಂಡನ್ನು ಬಿಗಿಯುವ ಸೌಲಭ್ಯ ಫೋನಿನಲ್ಲಿದ್ದರೆ ಬಳಸಿ. ಇಲ್ಲದಿದ್ದರೆ ಪ್ರತಿ ವಾಹಕಕ್ಕೂ ಬೇರೆ ಹಾಳೆ ಮಾಡಿ. 5ಜಿಯನ್ನು ಅಳತೆಯ ಹೊತ್ತಿಗೆ ಆರಿಸಿಟ್ಟು 4ಜಿಗೆ ಮಾತ್ರ ಕಟ್ಟಿಹಾಕುವುದು ಒಳ್ಳೆಯದು.

ಫೋನಿನ ಅಂಕಿ ಎಷ್ಟು ನಂಬಲರ್ಹ? ಸಾಮಾನ್ಯ ಸ್ಥಿತಿಯಲ್ಲಿ ±6 ಡೆಸಿಬೆಲ್ ತಪ್ಪಿಗೆ ಎಲ್‌ಟಿಇ (4ಜಿಯ ತಾಂತ್ರಿಕ ಹೆಸರು) ಮಾನದಂಡವೇ ಅವಕಾಶ ಕೊಟ್ಟಿದೆ. ಆದರೂ ಒಂದೇ ಫೋನು ತನ್ನ ತಪ್ಪನ್ನು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ರೀತಿ ಮಾಡುವುದರಿಂದ, ದೂರದೊಂದಿಗೆ ಸಿಗ್ನಲ್ ಇಳಿಯುವ ವೇಗ ಇದರಿಂದ ಅಷ್ಟಾಗಿ ಕೆಡುವುದಿಲ್ಲ. ನಡುವೆ ಫೋನ್ ಬದಲಾಯಿಸಬಾರದು, ಅಷ್ಟೆ. ಎರಡು ಫೋನು ಬಳಸುವುದಾದರೆ ಒಂದೇ ಜಾಗದಲ್ಲಿ ಹತ್ತು ನಿಮಿಷ ಅಕ್ಕಪಕ್ಕ ಇಟ್ಟು ಅವುಗಳ ನಡುವಿನ ವ್ಯತ್ಯಾಸವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಹೆಜ್ಜೆ 3: ಯಾವ ಟವರ್, ಅದರ ಯಾವ ಮುಖ

ದೂರಸಂಪರ್ಕ ಇಲಾಖೆ 2017ರಲ್ಲಿ ಆರಂಭಿಸಿದ ತರಂಗ್ ಸಂಚಾರ್ ಪೋರ್ಟಲಿನಲ್ಲಿ ಸುತ್ತಲಿನ ಟವರುಗಳನ್ನು ನಕ್ಷೆಯ ಮೇಲೆ ನೋಡಬಹುದು. ಅದನ್ನು ನಂಬಿ ಕೂರದೆ ಟವರಿನ ಬುಡದವರೆಗೆ ಹೋಗಿ ಸ್ಥಾನವನ್ನು ಗುರುತಿಸಿಕೊಳ್ಳಿ, ಆಂಟೆನಾಗಳು ಯಾವ ದಿಕ್ಕಿಗೆ ಮುಖ ಮಾಡಿವೆ ನೋಡಿ, ಎತ್ತರವನ್ನು ನೆರಳಿನ ಉದ್ದದಿಂದಲಾದರೂ ಅಂದಾಜು ಮಾಡಿ. ಬೇಲಿಯೊಳಗೆ ಕಾಲಿಡಬಾರದು. ತುಂಗಭದ್ರಾ ಅಣೆಕಟ್ಟು, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಂತಹ ಕಾವಲಿರುವ ಜಾಗಗಳ ಸುತ್ತ ಅನುಮತಿಯಿಲ್ಲದೆ ಅಳತೆ, ಫೋಟೋ ಎಂದು ಓಡಾಡಬೇಡಿ. ಬಂದ ಸಿಗ್ನಲ್ ಅಳೆಯುವುದಕ್ಕೆ ಪರವಾನಗಿ ಬೇಕಿಲ್ಲ. ಆದರೆ ಈ ಬ್ಯಾಂಡುಗಳಲ್ಲಿ ನಾವಾಗಿ ಏನನ್ನಾದರೂ ಪ್ರಸಾರ ಮಾಡುವುದು, ಅಂಗಡಿಯಲ್ಲಿ ಸಿಗುತ್ತದೆಂದು ಬೂಸ್ಟರ್ ತಂದು ಮನೆಯ ಮೇಲೆ ಕಟ್ಟುವುದು ಕಾನೂನುಬಾಹಿರ.

ಒಂದು ಟವರಿನಲ್ಲಿ ಸಾಮಾನ್ಯವಾಗಿ ಮೂರು ಮುಖಗಳಿರುತ್ತವೆ. 4ಜಿ ಕೋಶವನ್ನು ಗುರುತಿಸುವ ಪಿಸಿಐ ಸಂಖ್ಯೆ 0ರಿಂದ 503ರವರೆಗೆ ಇರುತ್ತದೆ. ಅದನ್ನು 3ರಿಂದ ಭಾಗಿಸಿದಾಗ ಉಳಿಯುವ ಶೇಷ ಬಹುತೇಕ ಕಡೆ ಮುಖದ ಗುರುತಾಗುತ್ತದೆ. ಪ್ರತಿ ಆಂಟೆನಾದ ಕಿರಣ ಅಡ್ಡಲಾಗಿ ಸುಮಾರು 65 ಡಿಗ್ರಿ ಅಗಲವಿರುವುದರಿಂದ, ಮುಖದ ನೇರ ದಿಕ್ಕಿಗೆ ಎಡಬಲ 30 ಡಿಗ್ರಿಯೊಳಗೆ ಸಾಗುವ ರಸ್ತೆಯನ್ನೇ ಆರಿಸಿಕೊಳ್ಳಬೇಕು. ರಸ್ತೆ ಕಿರಣದಿಂದ ಹೊರಬಿದ್ದಾಗ ಸಿಗ್ನಲ್ ಇಳಿಯುವುದು ದೂರದಿಂದಲ್ಲ, ಆಂಟೆನಾದ ಆಕಾರದಿಂದ. ಈ ಎರಡನ್ನೂ ಬೆರೆಸಿದರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ. ಟವರಿನ ತೀರ ಹತ್ತಿರದ 200–300 ಮೀಟರನ್ನೂ ಬಿಟ್ಟುಬಿಡಿ, ಅಲ್ಲಿ ಮುಖ್ಯ ಕಿರಣ ತಲೆಯ ಮೇಲೆ ಹಾದುಹೋಗುತ್ತದೆ.

ಕೆಲವು ಫೋನುಗಳು ಟೈಮಿಂಗ್ ಅಡ್ವಾನ್ಸ್ ಎಂಬ ಸಂಖ್ಯೆಯನ್ನೂ ಕೊಡುತ್ತವೆ. ತರಂಗ ಟವರಿಗೆ ಹೋಗಿ ಬರಲು ಹಿಡಿದ ಸಮಯದಿಂದ ಬರುವ ಈ ಸಂಖ್ಯೆಯ ಒಂದೊಂದು ಮೆಟ್ಟಿಲೂ ಸುಮಾರು 78 ಮೀಟರ್ ದೂರಕ್ಕೆ ಸಮ. ನಿಮ್ಮ ಫೋನಿನಲ್ಲಿ ಇದು ಸಿಗುವುದಾದರೆ ಜೋಪಾನವಾಗಿ ದಾಖಲಿಸಿ, ಗುಡ್ಡಗಳ ನಡುವೆ ಇದು ಕೈಹಿಡಿಯುತ್ತದೆ.

ಹೆಜ್ಜೆ 4: ದಾರಿಯಲ್ಲಿ ಅಳೆಯುವ ಕ್ರಮ

ಒಂದೇ ಜಾಗದಲ್ಲಿ ನಿಂತು ಫೋನನ್ನು ಗೇಣಗಲ ಸರಿಸಿದರೆ ಸಿಗ್ನಲ್ ಏರಿಳಿಯುವುದನ್ನು ಎಲ್ಲರೂ ಕಂಡಿದ್ದೇವೆ. ನೇರವಾಗಿ ಬಂದ ತರಂಗವೂ, ನೆಲ, ಗೋಡೆ, ಬಂಡೆಗಳಿಂದ ಚಿಮ್ಮಿ ಬಂದ ತರಂಗಗಳೂ ಒಂದೆಡೆ ಕೂಡಿ ಬಲಗೊಂಡು, ಅರ್ಧ ತರಂಗದೂರದಷ್ಟೋ ಅದಕ್ಕಿಂತ ಕಡಿಮೆಯೋ ಸರಿದರೆ ಒಂದನ್ನೊಂದು ಅಳಿಸಿಹಾಕುವುದರಿಂದ ಹೀಗಾಗುತ್ತದೆ. ಮಾದರಿ ಕಟ್ಟುವವರಿಗೆ ಬೇಕಾದದ್ದು ಈ ಕ್ಷಣಿಕ ಏರಿಳಿತವಲ್ಲ, ಆ ಜಾಗದ ಸ್ಥಳೀಯ ಸರಾಸರಿ. ಮೊಬೈಲ್ ಸಂವಹನದ ಎಂಜಿನಿಯರ್ ವಿಲಿಯಂ ಲೀ ಅವರ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮದಂತೆ ಸುಮಾರು 40 ತರಂಗದೂರಗಳ ಉದ್ದದಲ್ಲಿ 36ರಿಂದ 50 ಅಳತೆಗಳನ್ನು ತೆಗೆದು ಸರಾಸರಿ ಮಾಡಿದರೆ ಫಲಿತಾಂಶ ನಿಜಮೌಲ್ಯದ 1 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ. 900 ಮೆಗಾಹರ್ಟ್ಜ್‌ನಲ್ಲಿ ತರಂಗದೂರ 33 ಸೆಂಟಿಮೀಟರ್. ಅಂದರೆ 13 ಮೀಟರಿನೊಳಗೆ 36 ಅಳತೆ.

ಇದು ಫೋನಿನಿಂದ ಆಗದ ಮಾತು. ಆ್ಯಪ್ ಸೆಕೆಂಡಿಗೆ ಒಂದು ಸಾಲು ಬರೆಯುತ್ತದೆ ಎಂದುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕು ಅಷ್ಟರಲ್ಲಿ 11 ಮೀಟರ್ ಸಾಗಿರುತ್ತದೆ. ನಿಯಮ ಪಾಲಿಸಬೇಕೆಂದರೆ ಸೆಕೆಂಡಿಗೆ 37 ಸೆಂಟಿಮೀಟರಿನಂತೆ, ಅಂದರೆ ಜಾತ್ರೆಯ ತೇರಿಗಿಂತಲೂ ನಿಧಾನವಾಗಿ ಸಾಗಬೇಕಾಗುತ್ತದೆ. ಸಮಾಧಾನದ ಸಂಗತಿಯೆಂದರೆ ಎಲ್‌ಟಿಇ ಫೋನು ಆರ್‌ಎಸ್‌ಆರ್‌ಪಿಯನ್ನು ವಾಹಕದ ಅಗಲದಲ್ಲಿ ಹರಡಿರುವ ಅನೇಕ ಉಪವಾಹಕಗಳ ಮೇಲೆ ಸರಾಸರಿ ಮಾಡಿಯೇ ಕೊಡುವುದರಿಂದ ಏರಿಳಿತದ ಒಂದು ಭಾಗ ಮೊದಲೇ ತಗ್ಗಿರುತ್ತದೆ. ನನ್ನ ರೂಢಿ ಹೀಗಿದೆ: ಬೈಕನ್ನು 20–25ರ ವೇಗದಲ್ಲಿ ಓಡಿಸುವುದು, ಅದೇ ದಾರಿಯಲ್ಲಿ ಹೋಗುತ್ತ ಬರುತ್ತ ಎರಡೆರಡು ಸಲ ಅಳೆಯುವುದು, ರಸ್ತೆಯನ್ನು 100 ಮೀಟರಿನ ತುಂಡುಗಳಾಗಿ ಕತ್ತರಿಸಿ ಪ್ರತಿ ತುಂಡಿಗೆ ಒಂದು ಸರಾಸರಿ ತೆಗೆಯುವುದು. ಹೀಗೆ ತುಂಡಿಗೆ ಸುಮಾರು 60 ಸಾಲುಗಳು ದೊರೆಯುತ್ತವೆ.

ಸರಾಸರಿಯಲ್ಲಿ ಒಂದು ಎಚ್ಚರ ಬೇಕು. ತುಂಡಿನೊಳಗಿನ ಡಿಬಿಎಂ ಅಂಕಿಗಳನ್ನು ಮೊದಲು ಮಿಲಿವ್ಯಾಟ್‌ಗೆ ತಿರುಗಿಸಿ, ಸರಾಸರಿ ತೆಗೆದು, ಮತ್ತೆ ಡಿಬಿಎಂಗೆ ತರಬೇಕು. ನೇರವಾಗಿ ಡಿಬಿಎಂಗಳನ್ನೇ ಕೂಡಿ ಭಾಗಿಸಿದರೆ, ಟವರ್ ಕಣ್ಣಿಗೆ ಬೀಳದ ಜಾಗಗಳಲ್ಲಿ ಉತ್ತರ 2.5 ಡೆಸಿಬೆಲ್‌ವರೆಗೆ ಕೆಳಗೆ ಬೀಳಬಹುದು.

ಫೋನನ್ನು ಎಲ್ಲಿಡಬೇಕು? ಅಂಗಿಯ ಜೇಬಿನಲ್ಲಂತೂ ಬೇಡ. ಹೋಗುವಾಗ ಎದೆ ಟವರಿನ ಕಡೆಗಿದ್ದು ಬರುವಾಗ ಬೆನ್ನು ಆ ಕಡೆಗಾದರೆ, ಅದೇ ರಸ್ತೆ ಎರಡು ಬೇರೆ ರಸ್ತೆಗಳಂತೆ ಕಾಣುತ್ತದೆ. ಮೈಯೊಳಗಿನ ನೀರು ತರಂಗವನ್ನು ಹೀರುತ್ತದೆ. ಹ್ಯಾಂಡಲ್‌ಗೆ ಪ್ಲಾಸ್ಟಿಕ್ ಹಿಡಿಕೆ ಕಟ್ಟಿ, ಟ್ಯಾಂಕಿನ ಲೋಹದಿಂದ ಸ್ವಲ್ಪ ಎತ್ತರಕ್ಕೆ, ನೆಲದಿಂದ ಸುಮಾರು 1.5 ಮೀಟರಿನಲ್ಲಿ ನಿಲ್ಲಿಸುವುದು ಉತ್ತಮ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಹೊರಟರೆ ಫೋನ್ ಕಾದು ಆ್ಯಪನ್ನೇ ಮುಚ್ಚಿಬಿಡುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತರ ನಡುವೆ ಕೆಲಸ ಮುಗಿಸುವುದು ಫೋನಿಗೂ ಕ್ಷೇಮ, ನಮಗೂ ಕ್ಷೇಮ.

ಹೆಜ್ಜೆ 5: ಕಾಣದ ಸಾಲುಗಳನ್ನು ಎಣಿಸಿ

ಕಡತವನ್ನು ಶುದ್ಧಗೊಳಿಸುವಾಗ ಬೇರೆ ಪಿಸಿಐ ಇರುವ ಸಾಲುಗಳನ್ನೂ, ಜಿಪಿಎಸ್ ತಪ್ಪು 20 ಮೀಟರ್ ಮೀರಿದ ಸಾಲುಗಳನ್ನೂ, ಸಿಗ್ನಲ್‌ನ ಅಂಕಿ ಬದಲಾಗದೆ ಅಂಟಿಕೊಂಡ ಸಾಲುಗಳನ್ನೂ ತೆಗೆಯಬೇಕು. ಇದು ಎಲ್ಲರೂ ಮಾಡುವ ಕೆಲಸ. ಬಹಳ ಜನ ಮಾಡದಿರುವುದು ಇನ್ನೊಂದಿದೆ.

ಫೋನು ತನಗೆ ಸಿಕ್ಕ ಟವರನ್ನು ಮಾತ್ರ ಬರೆಯುತ್ತದೆ. ಐದಾರು ಕಿಲೋಮೀಟರ್ ದೂರಕ್ಕೆ ಹೋದಾಗ, ನಾವು ಅಳೆಯುತ್ತಿರುವ ಟವರಿನ ಸಿಗ್ನಲ್ ಎಲ್ಲಿ ಕುಗ್ಗಿರುತ್ತದೋ ಅಲ್ಲಿ ಫೋನು ಬೇರೆ ಟವರಿಗೆ ಜಿಗಿಯುತ್ತದೆ ಅಥವಾ ಸೇವೆ ಕಳೆದುಕೊಳ್ಳುತ್ತದೆ. ಎಲ್ಲಿ ಅದೃಷ್ಟವಶಾತ್ ಚೆನ್ನಾಗಿದೆಯೋ ಅಲ್ಲಿಯ ಸಾಲು ಮಾತ್ರ ಕಡತದಲ್ಲಿ ಉಳಿಯುತ್ತದೆ. ಪರಿಣಾಮವಾಗಿ ದೂರದ ಅಂಕಿಗಳೆಲ್ಲ ನಿಜಕ್ಕಿಂತ ಚೆನ್ನಾಗಿ ಕಾಣುತ್ತವೆ, ಗೆರೆಯ ಇಳಿಜಾರು ಕಡಿಮೆಯಾಗುತ್ತದೆ, ಆ ಮಾದರಿಯನ್ನು ನಂಬಿದವರು ಹತ್ತು ಕಿಲೋಮೀಟರಿನಲ್ಲೂ ಸಿಗ್ನಲ್ ಇದೆ ಎನ್ನುತ್ತಾರೆ. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳ ವರದಿಗಳನ್ನು ಹೆಚ್ಚಾಗಿ ಕೆಡಿಸುವ ದೋಷ ಇದೇ. ಪರಿಹಾರ ಸರಳ: ಪ್ರತಿ 100 ಮೀಟರ್ ತುಂಡಿನಲ್ಲಿ ಒಟ್ಟು ಎಷ್ಟು ಸೆಕೆಂಡ್ ಕಳೆದಿರಿ, ಅದರಲ್ಲಿ ಎಷ್ಟು ಸಾಲು ನಿಮ್ಮ ಕೋಶದ್ದು ಎಂದು ಎಣಿಸಿ. ಹತ್ತರಲ್ಲಿ ಒಂಬತ್ತು ಸಾಲಾದರೂ ಸಿಕ್ಕ ದೂರದವರೆಗೆ ಮಾತ್ರ ಗೆರೆ ಎಳೆಯಿರಿ, ಅದರಾಚೆಯದನ್ನು ಲೆಕ್ಕದಿಂದ ಹೊರಗಿಡಿ. ನೆರೆಕೋಶಗಳ ಅಳತೆಯನ್ನೂ ಬರೆಯುವ ಆ್ಯಪ್ ಆದರೆ ನಿಮ್ಮ ಕೋಶ ನೆರೆಯ ಪಟ್ಟಿಯಲ್ಲಿ ಸಿಕ್ಕ ಸಾಲುಗಳನ್ನೂ ಸೇರಿಸಿಕೊಳ್ಳಬಹುದು.

ಹೆಜ್ಜೆ 6: ಸಿಗ್ನಲ್‌ನಿಂದ ನಷ್ಟಕ್ಕೆ

ಮಾದರಿಗಳೆಲ್ಲ ದಾರಿಯ ನಷ್ಟವನ್ನು ಹೇಳುತ್ತವೆ, ನಮ್ಮ ಬಳಿಯಿರುವುದು ತಲುಪಿದ ಶಕ್ತಿ. ಎರಡನ್ನೂ ಕೂಡಿಸಲು ಟವರ್ ಎಷ್ಟು ಕಳಿಸಿತು ಎಂದು ತಿಳಿಯಬೇಕು. ಕಂಪನಿಯವರು ಹೇಳುವುದಿಲ್ಲವಾದ್ದರಿಂದ ರೂಢಿಯ ಅಂಕಿಯನ್ನು ಹಿಡಿಯೋಣ: 20 ವ್ಯಾಟ್, ಅಂದರೆ 43 ಡಿಬಿಎಂ. 10 ಮೆಗಾಹರ್ಟ್ಜ್ ಅಗಲದ ವಾಹಕದಲ್ಲಿ 600 ಉಪವಾಹಕಗಳಿವೆ. ಅಷ್ಟಕ್ಕೂ ಹಂಚಿದರೆ 27.8 ಡೆಸಿಬೆಲ್ ಇಳಿದು ಒಂದಕ್ಕೆ 15.2 ಡಿಬಿಎಂ ಬರುತ್ತದೆ. ಆಂಟೆನಾ ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸುವುದರಿಂದ ಸಿಗುವ ಗಳಿಕೆ 17 ಸೇರಿಸಿ, ಕೇಬಲ್ಲಿನ ನಷ್ಟ 2 ಕಳೆದರೆ ಹೊರಬೀಳುವುದು 30.2 ಡಿಬಿಎಂ. ಇದರಿಂದ ಆರ್‌ಎಸ್‌ಆರ್‌ಪಿ ಕಳೆದರೆ ನಷ್ಟ ಸಿಗುತ್ತದೆ.

ತಕ್ಷಣ ಒಂದು ಪರೀಕ್ಷೆ ಮಾಡಿ. ಏನೂ ಅಡ್ಡವಿಲ್ಲದ ಅವಕಾಶದಲ್ಲಿ ನಷ್ಟವನ್ನು ಹೇಳುವ ಸೂತ್ರ, ಹೆರಾಲ್ಡ್ ಫ್ರಿಸ್ 1946ರಲ್ಲಿ ಕೊಟ್ಟ ಸಮೀಕರಣದಿಂದ ಬಂದದ್ದು:

ನಷ್ಟ = 32.44 + 20 ಲಾಗ್ (ದೂರ ಕಿ.ಮೀ.ನಲ್ಲಿ) + 20 ಲಾಗ್ (ಆವೃತ್ತಿ ಮೆಗಾಹರ್ಟ್ಜ್‌ನಲ್ಲಿ)

900 ಮೆಗಾಹರ್ಟ್ಜ್, 1 ಕಿಲೋಮೀಟರಿಗೆ ಇದು 91.5 ಡೆಸಿಬೆಲ್. ಹಾಗಾಗಿ 1 ಕಿಲೋಮೀಟರಿನಲ್ಲಿ ಆರ್‌ಎಸ್‌ಆರ್‌ಪಿ ಸುಮಾರು −61ಕ್ಕಿಂತ ಬಹಳ ಮೇಲಿರುವಂತಿಲ್ಲ. ನಿಮ್ಮ ಕಡತ −50 ಎನ್ನುತ್ತಿದ್ದರೆ ಟವರಿನ ಸ್ಥಾನ ತಪ್ಪಾಗಿದೆ, ಅಥವಾ ನೀವು ನೋಡುತ್ತಿರುವುದು ಆರ್‌ಎಸ್‌ಎಸ್‌ಐ.

ಹೆಜ್ಜೆ 7: ನಿಮ್ಮ ನೆಲದ ಗೆರೆ

ಈಗ ದೂರದ ಲಾಗರಿದಮ್ ಒಂದು ಅಕ್ಷದಲ್ಲಿ, ತುಂಡುಗಳ ಸರಾಸರಿ ಆರ್‌ಎಸ್‌ಆರ್‌ಪಿ ಇನ್ನೊಂದರಲ್ಲಿ ಇಟ್ಟು ಚುಕ್ಕೆ ಹಾಕಿ. ಚುಕ್ಕೆಗಳ ನಡುವೆ ಹಾಯುವ ನೇರ ಗೆರೆಯೇ ನಿಮ್ಮ ಮೊದಲ ಮಾದರಿ. ಕೈಲೆಕ್ಕಕ್ಕಾಗಿ ಅಚ್ಚುಕಟ್ಟಾದ ಐದು ಕಲ್ಪಿತ ಅಂಕಿಗಳನ್ನು ಕೊಡುತ್ತೇನೆ. 40 ಮೀಟರ್ ಎತ್ತರದ ಟವರ್, 900 ಮೆಗಾಹರ್ಟ್ಜ್, ಸಿಂಧನೂರು ಕಡೆಯ ಕಾಲುವೆ ಬಯಲಿನಂತಹ ಸಮನೆಲ ಎಂದುಕೊಳ್ಳಿ.

0.5 ಕಿ.ಮೀ.: −64
1 ಕಿ.ಮೀ.: −73
2 ಕಿ.ಮೀ.: −86
4 ಕಿ.ಮೀ.: −95
8 ಕಿ.ಮೀ.: −107

ದೂರಗಳ ಲಾಗರಿದಮ್ −0.301, 0, 0.301, 0.602, 0.903, ಸರಾಸರಿ 0.301. ಸಿಗ್ನಲ್‌ಗಳ ಸರಾಸರಿ −85. ಪ್ರತಿ ಜೋಡಿಯ ವಿಚಲನಗಳನ್ನು ಗುಣಿಸಿ ಕೂಡಿದರೆ −32.51, ದೂರದ ವಿಚಲನಗಳ ವರ್ಗಗಳ ಮೊತ್ತ 0.906. ಭಾಗಿಸಿದರೆ ಇಳಿಜಾರು −35.9: ದೂರ ಹತ್ತುಪಟ್ಟಾದರೆ ಸಿಗ್ನಲ್ 35.9 ಡೆಸಿಬೆಲ್ ಇಳಿಯುತ್ತದೆ, ಅದನ್ನು 10ರಿಂದ ಭಾಗಿಸಿದಾಗ ಬರುವ ದೂರದ ಘಾತಾಂಕ 3.59. 1 ಕಿಲೋಮೀಟರಿನಲ್ಲಿ ಗೆರೆಯ ಮೌಲ್ಯ −74.2. ಸ್ಪ್ರೆಡ್‌ಶೀಟಿನ ಸ್ಲೋಪ್ ಮತ್ತು ಇಂಟರ್‌ಸೆಪ್ಟ್ ಸೂತ್ರಗಳು ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತವೆ, ಆದರೂ ಒಮ್ಮೆ ಕೈಯಿಂದ ಮಾಡಿದವರಿಗೆ ಯಾವ ಚುಕ್ಕೆ ಗೆರೆಯನ್ನು ಎಳೆದಾಡುತ್ತಿದೆ ಎಂಬುದು ಕಾಣುತ್ತದೆ. ಇಲ್ಲಿ ಚುಕ್ಕೆಗಳು ಗೆರೆಯಿಂದ 1 ಡೆಸಿಬೆಲ್ ಆಚೀಚೆ ಮಾತ್ರ ಇವೆ; ನಿಜವಾದ ರಸ್ತೆಯಲ್ಲಿ ಈ ಚದುರುವಿಕೆಯ ಪ್ರಮಾಣಿತ ವಿಚಲನೆ 6ರಿಂದ 10 ಡೆಸಿಬೆಲ್ ಇರುವುದು ಸಹಜ.

ಮುಕ್ತ ಅವಕಾಶದಲ್ಲಿ ಘಾತಾಂಕ 2 ಆಗಿರುವಾಗ ಸಮನೆಲದಲ್ಲಿಯೂ ಅದು 3.5ರ ಮೇಲೇಕೆ ಹೋಗುತ್ತದೆ? ನೆಲಕ್ಕೆ ತಾಗಿ ಚಿಮ್ಮಿದ ತರಂಗ ನೇರ ತರಂಗವನ್ನು ಅಳಿಸತೊಡಗುತ್ತದೆ. ಟವರಿನ ಎತ್ತರ, ಫೋನಿನ ಎತ್ತರ ಮತ್ತು 4ನ್ನು ಗುಣಿಸಿ ತರಂಗದೂರದಿಂದ ಭಾಗಿಸಿದರೆ ಬರುವ ದೂರದಿಂದಾಚೆ, ಎಂದರೆ ನಮ್ಮ ಉದಾಹರಣೆಯಲ್ಲಿ ಸುಮಾರು 720 ಮೀಟರಿನ ನಂತರ, ಘಾತಾಂಕ 4ರ ಕಡೆಗೆ ವಾಲುತ್ತದೆ. ಗದ್ದೆಗೆ ನೀರು ಬಿಟ್ಟಾಗ ಸಿಗ್ನಲ್ ಕೆಡುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ನಾನು ಒಪ್ಪುವುದಿಲ್ಲ. ಐದು ಕಿಲೋಮೀಟರ್ ದೂರದಲ್ಲಿ ತರಂಗ ನೆಲವನ್ನು ಅರ್ಧ ಡಿಗ್ರಿಯಷ್ಟೇ ಕೋನದಲ್ಲಿ ಸವರಿಕೊಂಡು ಬರುತ್ತದೆ. ಅಷ್ಟು ಸಣ್ಣ ಕೋನದಲ್ಲಿ ಒಣ ಎರೆಮಣ್ಣೂ ನಿಂತ ನೀರೂ ಹೆಚ್ಚುಕಡಿಮೆ ಒಂದೇ ರೀತಿ ಕನ್ನಡಿಯಾಗುತ್ತವೆ. ಮಳೆಯ ಮೇಲಿನ ದೂರೂ ಹಾಗೆಯೇ, ಈ ಆವೃತ್ತಿಗಳನ್ನು ಮಳೆಹನಿ ಕುಂದಿಸುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಮಳೆಯಲ್ಲಿ ನೆಟ್ ಹೋದರೆ ಕರೆಂಟನ್ನೂ, ಟವರಿನಿಂದ ಟವರಿಗೆ ಹೋಗುವ ಮೈಕ್ರೋವೇವ್ ಕೊಂಡಿಯನ್ನೂ ಮೊದಲು ಅನುಮಾನಿಸಬೇಕು.

ಹೆಜ್ಜೆ 8: ಟೋಕಿಯೋದ ಸೂತ್ರದೊಂದಿಗೆ ಹೋಲಿಸಿ

ಜಪಾನಿನ ಎಂಜಿನಿಯರ್ ಒಕುಮುರ ಮತ್ತು ಸಂಗಡಿಗರು ಟೋಕಿಯೋ ಸುತ್ತಮುತ್ತ ಅಳೆದು 1968ರಲ್ಲಿ ಪ್ರಕಟಿಸಿದ ವಕ್ರರೇಖೆಗಳನ್ನು ಹಾಟಾ 1980ರಲ್ಲಿ ಸೂತ್ರಕ್ಕಿಳಿಸಿದರು. 150ರಿಂದ 1500 ಮೆಗಾಹರ್ಟ್ಜ್, 30ರಿಂದ 200 ಮೀಟರ್ ಟವರ್, 1ರಿಂದ 20 ಕಿಲೋಮೀಟರ್ ಅದರ ವ್ಯಾಪ್ತಿ. 2000 ಮೆಗಾಹರ್ಟ್ಜ್‌ವರೆಗೆ ಅದನ್ನು ಯುರೋಪಿನ ಕಾಸ್ಟ್ 231 ಯೋಜನೆ ವಿಸ್ತರಿಸಿತು. ಫೋನ್ ಎತ್ತರ 1.5 ಮೀಟರ್ ಇದ್ದಾಗ ಪಟ್ಟಣಕ್ಕೆ ಸೂತ್ರ ಹೀಗೆ ಸರಳವಾಗುತ್ತದೆ:

ನಷ್ಟ = 69.55 + 26.16 ಲಾಗ್ (ಆವೃತ್ತಿ) − 13.82 ಲಾಗ್ (ಟವರ್ ಎತ್ತರ) + [44.9 − 6.55 ಲಾಗ್ (ಟವರ್ ಎತ್ತರ)] × ಲಾಗ್ (ದೂರ)

ನಮ್ಮ 40 ಮೀಟರ್ ಟವರಿಗೆ ಇಳಿಜಾರು 34.4, ಅಳತೆಯ ಗೆರೆ 35.9. ಇಷ್ಟು ಹತ್ತಿರ ಬಂದರೆ ಸಂತೋಷಪಡಬಹುದು. 1 ಕಿಲೋಮೀಟರಿನ ನಷ್ಟ ಪಟ್ಟಣಕ್ಕೆ 124.7, ಹೊರವಲಯಕ್ಕೆ 114.7, ಬಟ್ಟಬಯಲಿಗೆ 96.2 ಎಂದು ಹಾಟಾ ಸೂತ್ರ ಹೇಳುತ್ತದೆ. ನಮ್ಮ ಗೆರೆಯಿಂದ ಬರುವುದು 30.2 + 74.2, ಅಂದರೆ 104.4. ಅದು ಬಯಲಿಗೂ ಹೊರವಲಯಕ್ಕೂ ನಡುವೆ ಬಿದ್ದಿದೆ. ಗದ್ದೆ, ನಡುನಡುವೆ ಹಳ್ಳಿ, ಕಾಲುವೆ ಏರಿಯ ಮೇಲೆ ದಟ್ಟವಾಗಿ ಬೆಳೆದ ಬಳ್ಳಾರಿ ಜಾಲಿ, ಇಂಥ ನೆಲಕ್ಕೆ ಹಾಟಾ ಸೂತ್ರದಲ್ಲಿ ಪ್ರತ್ಯೇಕ ಹೆಸರಿಲ್ಲ. ಆದ್ದರಿಂದ ಸೂತ್ರದ ಇಳಿಜಾರನ್ನು ಹಾಗೇ ಇಟ್ಟುಕೊಂಡು, ಬಯಲಿನ ನಷ್ಟಕ್ಕೆ ನಿಮ್ಮ ಅಳತೆ ಹೇಳುವಷ್ಟು, ಇಲ್ಲಿ 8 ಡೆಸಿಬೆಲ್, ಕೂಡಿಸಿದರೆ ಅದೇ ನಿಮ್ಮ ತಾಲೂಕಿನ ತಿದ್ದುಪಡಿ. ಟವರಿನ ಶಕ್ತಿಯ ಅಂದಾಜಿನಲ್ಲಿ ಆದ ತಪ್ಪು ಕೂಡ ಈ 8ರಲ್ಲಿ ಅಡಗಿರುತ್ತದೆ, ಅದನ್ನು ವರದಿಯಲ್ಲಿ ಬರೆಯಿರಿ.

ಹೆಜ್ಜೆ 9: ಗುಡ್ಡವನ್ನು ಲೆಕ್ಕಕ್ಕೆ ತನ್ನಿ

ಗೆರೆಯಿಂದ 15–20 ಡೆಸಿಬೆಲ್ ಕೆಳಗೆ ಬಿದ್ದ ಚುಕ್ಕೆಗಳು ನಕ್ಷೆಯ ಮೇಲೆ ಒಂದೆಡೆ ಗುಂಪಾಗಿದ್ದರೆ ಅಲ್ಲಿ ನೆಲ ಏನೋ ಹೇಳುತ್ತಿದೆ. ಟವರಿನಿಂದ ಆ ಜಾಗದವರೆಗಿನ ನೆಲದ ಸೀಳುಚಿತ್ರವನ್ನು ಉಚಿತ ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ತೆಗೆಯಿರಿ. ಎತ್ತರದ ದತ್ತಾಂಶಕ್ಕೆ ಎಸ್‌ಆರ್‌ಟಿಎಂ (ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ಅಳೆದ ಎತ್ತರಗಳು) ಅಥವಾ ಇಸ್ರೋದ ಭುವನ್‌ನಲ್ಲಿ ಸಿಗುವ ಕಾರ್ಟೊಡೆಮ್ ಬಳಸಬಹುದು. ಎರಡೂ ಸುಮಾರು 30 ಮೀಟರಿಗೆ ಒಂದು ಚೌಕ. ಎಸ್‌ಆರ್‌ಟಿಎಂ 2000ದ ಫೆಬ್ರವರಿಯದ್ದು. ಸಂಡೂರಿನಲ್ಲಿ ಅದರ ನಂತರ ಗಣಿಗಾರಿಕೆ ಕಡಿದುಹಾಕಿದ ಗುಡ್ಡಗಳು ಅದರಲ್ಲಿ ಇನ್ನೂ ನಿಂತೇ ಇವೆ. ಆನೆಗೊಂದಿಯ ಸುತ್ತ ತೊಂದರೆ ಬೇರೆ, ಒಂದರ ಮೇಲೊಂದು ನಿಂತ ಬಂಡೆಯ ತುದಿ 30 ಮೀಟರಿನ ಚೌಕದಲ್ಲಿ ಕರಗಿ ಗುಡ್ಡ ನಿಜಕ್ಕಿಂತ ಕುಳ್ಳಗೆ ಕಾಣುತ್ತದೆ. ಎರಡೂ ಕಡೆ ಕಣ್ಣಳತೆಯಿಂದ ತಿದ್ದಿಕೊಳ್ಳಬೇಕು.

ಗುಡ್ಡವನ್ನು ಚಾಕುವಿನ ಅಲಗೆಂದು ಭಾವಿಸಿದರೆ ಲೆಕ್ಕ ಸುಲಭ. ಟವರಿನ ತುದಿಯಿಂದ ಫೋನಿಗೆ ಎಳೆದ ಗೆರೆಗಿಂತ ಗುಡ್ಡದ ತುದಿ ಎಷ್ಟು ಮೀಟರ್ ಮೇಲಿದೆ ಎಂಬುದನ್ನು 'ಎತ್ತರ' ಎಂದೂ, ಗುಡ್ಡದಿಂದ ಎರಡು ಕಡೆಗಿನ ದೂರಗಳನ್ನು ಮೀಟರಿನಲ್ಲಿ ಅ ಮತ್ತು ಆ ಎಂದೂ ಇಟ್ಟುಕೊಳ್ಳಿ.

ವಿ = ಎತ್ತರ × ವರ್ಗಮೂಲ [ 2(ಅ + ಆ) ÷ (ತರಂಗದೂರ × ಅ × ಆ) ]

ಹೆಚ್ಚುವರಿ ನಷ್ಟ = 6.9 + 20 ಲಾಗ್ [ ವರ್ಗಮೂಲ((ವಿ − 0.1)² + 1) + ವಿ − 0.1 ]

ಗುಡ್ಡದ ತುದಿ ಗೆರೆಗೆ ಸರಿಯಾಗಿ ತಾಗಿದಾಗಲೇ 6 ಡೆಸಿಬೆಲ್ ಹೋಗಿರುತ್ತದೆ ಎಂಬುದನ್ನು ಗಮನಿಸಿ. ಈಗ ಟವರಿನಿಂದ 3 ಕಿಲೋಮೀಟರಿನಲ್ಲಿ, ಸುತ್ತಲ ನೆಲಕ್ಕಿಂತ 71 ಮೀಟರ್ ಎತ್ತರದ ಗುಡ್ಡವೊಂದಿದೆ ಎನ್ನೋಣ. ಅದರ ಹಿಂದೆ 1 ಕಿಲೋಮೀಟರಿನಲ್ಲಿ ನಿಂತಾಗ ಗೆರೆ ಗುಡ್ಡದ ಜಾಗದಲ್ಲಿ 11 ಮೀಟರ್ ಎತ್ತರದಲ್ಲಿ ಹಾಯುತ್ತದೆ, ಆದ್ದರಿಂದ 'ಎತ್ತರ' 60 ಮೀಟರ್. ವಿ 5.37, ಹೆಚ್ಚುವರಿ ನಷ್ಟ 27.4. ಗೆರೆಯ ಪ್ರಕಾರ 4 ಕಿಲೋಮೀಟರಿಗೆ −95.8 ಇರಬೇಕಾದದ್ದು −123ಕ್ಕೆ ಇಳಿಯುತ್ತದೆ. ಬುಡದ ಹತ್ತಿರ, ಗುಡ್ಡದಿಂದ 300 ಮೀಟರಿನಲ್ಲಿ, ನಷ್ಟ 32.7ಕ್ಕೆ ಏರಿ ಸಿಗ್ನಲ್ −125.5. ಗುಡ್ಡದಿಂದ 3 ಕಿಲೋಮೀಟರ್ ಹಿಂದೆ ಸರಿದರೆ ಗುಡ್ಡದ ನಷ್ಟ 22.9ಕ್ಕೆ ಇಳಿಯುತ್ತದೆ, ಆದರೆ ಹೆಚ್ಚಾದ ದೂರ ಆ ಲಾಭವನ್ನು ನುಂಗಿ ಮತ್ತೆ −125ಕ್ಕೆ ತರುತ್ತದೆ. ನೆರಳಿನಿಂದ ಹಿಂದೆ ಹಿಂದೆ ಸರಿದು ಪಾರಾಗುವುದು ಕಷ್ಟ, ಪಕ್ಕಕ್ಕೆ ಸರಿಯಬೇಕು. ಆ ಹಿರಿಯರು ತೋರಿಸಿದ ಬೇವಿನ ಮರ ಗುಡ್ಡದ ಪಕ್ಕದ ಕಣಿವೆಯ ಬಾಯಿಗೆ ನೇರವಾಗಿತ್ತು. 1800 ಮೆಗಾಹರ್ಟ್ಜ್‌ನಲ್ಲಿ ಇದೇ ಗುಡ್ಡ 1 ಕಿಲೋಮೀಟರಿನ ಜಾಗದಲ್ಲಿ 30.5 ಡೆಸಿಬೆಲ್ ನುಂಗುತ್ತದೆ, ಎಂದರೆ ಇನ್ನೂ 3 ಹೆಚ್ಚು.

ಅಳತೆ ಈ ಲೆಕ್ಕಕ್ಕಿಂತ ಚೆನ್ನಾಗಿ ಬಂದರೆ ಆಶ್ಚರ್ಯಪಡಬೇಡಿ. ಎದುರು ಗುಡ್ಡದ ಬೋಳು ಕಲ್ಲಿನ ಮೈಯಿಂದ ಚಿಮ್ಮಿದ ತರಂಗ ನೆರಳಿನೊಳಕ್ಕೆ ಬರುವುದುಂಟು. ಇದನ್ನು ಟೈಮಿಂಗ್ ಅಡ್ವಾನ್ಸ್ ಪತ್ತೆಹಚ್ಚುತ್ತದೆ: ನೇರ ದೂರ 4 ಕಿಲೋಮೀಟರ್ ಆಗಿದ್ದರೆ ಸಂಖ್ಯೆ 51ರ ಸುತ್ತ ಇರಬೇಕು, ಫೋನು 58 ತೋರಿಸಿದರೆ ತರಂಗ ಅರ್ಧ ಕಿಲೋಮೀಟರಿಗೂ ಹೆಚ್ಚು ಸುತ್ತಿ ಬಂದಿದೆ. ಮೊದಲು ಟವರ್ ಕಣ್ಣಿಗೆ ಕಾಣುವ ಜಾಗದಲ್ಲಿ ಈ ಸಂಖ್ಯೆ ದೂರಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಂಡಿರಬೇಕು. ಇಡೀ ತಾಲೂಕಿಗೆ ಈ ಲೆಕ್ಕ ಮಾಡಲು ಏರುತಗ್ಗಿನ ನೆಲವನ್ನು ಲೆಕ್ಕಕ್ಕೆ ತರುವ ಲಾಂಗ್ಲಿ–ರೈಸ್ ಮಾದರಿಯನ್ನು ಬಳಸುವ ಸ್ಪ್ಲಾಟ್, ರೇಡಿಯೋ ಮೊಬೈಲ್‌ನಂತಹ ಉಚಿತ ತಂತ್ರಾಂಶಗಳಿವೆ. ಒಂದು ಗುಡ್ಡವನ್ನಾದರೂ ಕೈಯಾರೆ ಲೆಕ್ಕ ಮಾಡಿದ ನಂತರವೇ ಅವುಗಳ ಬಣ್ಣದ ನಕ್ಷೆಯನ್ನು ನೋಡಿ.

ಹೆಜ್ಜೆ 10: ಮಾದರಿಯನ್ನು ಬೇರೆ ದಾರಿಯಲ್ಲಿ ಪರೀಕ್ಷಿಸಿ

ಗೆರೆ ಎಳೆಯಲು ಬಳಸಿದ ಚುಕ್ಕೆಗಳ ಮೇಲೆಯೇ ಗೆರೆಯನ್ನು ಪರೀಕ್ಷಿಸುವುದು ಪರೀಕ್ಷೆಯಲ್ಲ. ಅದೇ ಟವರಿನ ಬೇರೆ ಮುಖದ ಕಡೆಗೆ, ಬೇರೆ ಹಳ್ಳಿಯ ದಾರಿಯಲ್ಲಿ ಹೊಸದಾಗಿ ಅಳೆದು, ಮಾದರಿ ಹೇಳಿದ್ದಕ್ಕೂ ಫೋನು ಕಂಡದ್ದಕ್ಕೂ ಇರುವ ವ್ಯತ್ಯಾಸದ ಸರಾಸರಿ ಮತ್ತು ಪ್ರಮಾಣಿತ ವಿಚಲನೆ ತೆಗೆಯಿರಿ. ಸರಾಸರಿ ಸೊನ್ನೆಯ ಹತ್ತಿರ, ವಿಚಲನೆ 8ರ ಒಳಗೆ ಬಂದರೆ ಮಾದರಿ ಬಳಕೆಗೆ ಯೋಗ್ಯ.

ಮಾದರಿ ಕೊಡುವುದು ಮಧ್ಯಮ ಮೌಲ್ಯವಾದ್ದರಿಂದ ಅರ್ಧ ಜಾಗಗಳಲ್ಲಿ ಸಿಗ್ನಲ್ ಅದಕ್ಕಿಂತ ಕಡಿಮೆಯೇ ಇರುತ್ತದೆ. ನೂರಕ್ಕೆ ತೊಂಬತ್ತು ಜಾಗಗಳಲ್ಲಿ −110 ಸಿಗಬೇಕೆಂದರೆ, ವಿಚಲನೆ 8 ಇದ್ದಾಗ, 1.28ರಿಂದ ಗುಣಿಸಿ ಸುಮಾರು 10 ಡೆಸಿಬೆಲ್ ಮುಂಗಡ ಇಟ್ಟು −100ರ ಗೆರೆಯನ್ನು ಅಂಚೆಂದು ಹಿಡಿಯಬೇಕು. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 5.2 ಕಿಲೋಮೀಟರ್.

ಇದೆಲ್ಲ ಮನೆಯ ಹೊರಗಿನ ಲೆಕ್ಕ. ಒಳಗಿನದಕ್ಕೆ ಒಂದೇ ದಾರಿ: ಅಂಗಳದಲ್ಲಿ ಐದು ನಿಮಿಷ, ಪಡಸಾಲೆಯಲ್ಲಿ ಐದು ನಿಮಿಷ, ಒಳಕೋಣೆಯಲ್ಲಿ ಐದು ನಿಮಿಷ ಅಳೆದು ಕಳೆಯುವುದು. ಆರ್‌ಸಿಸಿ ಮನೆ, ತಗಡಿನ ಶೆಡ್ಡು, ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆ, ಈ ಮೂರು ಬಗೆಯಲ್ಲಿ ತಲಾ ನಾಲ್ಕೈದು ಮನೆಗಳನ್ನಾದರೂ ಅಳೆಯಬೇಕು, ಮೂರನ್ನೂ ಕೂಡಿಸಿ ಒಂದು ಸರಾಸರಿ ಮಾಡಬಾರದು. ಮಾಳಿಗೆ ಮನೆಯಲ್ಲಿ ಬೆಳಕಿಂಡಿಯ ಕೆಳಗೊಂದು ಅಳತೆ, ಅದರಿಂದ ದೂರದ ಮೂಲೆಯಲ್ಲೊಂದು ಅಳತೆ ಬೇರೆಬೇರೆಯಾಗಿ ಬರೆದುಕೊಳ್ಳಿ. ಮನೆಯವರು ಫೋನನ್ನು ಎಲ್ಲಿ ನೇತುಹಾಕಿದ್ದಾರೆ ಎಂದು ನೋಡಿದರೆ ಯಾವುದು ಹೆಚ್ಚು ಎಂಬುದು ಅಳೆಯುವ ಮೊದಲೇ ಗೊತ್ತಾಗುತ್ತದೆ.